ಎಡಗೈ ಕಲಿತ ಅಕ್ಷರ

ಹಿತ್ತಲಲ್ಲಿ ನೀರು ಸುರಿಯುವ ಸದ್ದು ಒಮ್ಮೆಗೇ ನಿಂತಿತು. ಪಡಸಾಲೆಯಲ್ಲಿ ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದ ಉಚ್ಚಮ್ಮ ತಲೆ ಎತ್ತಲಿಲ್ಲ. ಯಾಕೆ ನಿಂತಿತೆಂದು ಅವಳಿಗೆ ಗೊತ್ತಿತ್ತು. ಕೊಡಗಳಲ್ಲಿ ನೀರು ಬೇಕಾದಷ್ಟಿತ್ತು. ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದ ಗಂಡಸರು ಸೊಂಟದಿಂದ ಕೆಳಕ್ಕೆ ಬಂದಿದ್ದರು, ಅಷ್ಟೇ.

"ಏ, ಇದೇನಲೇ ಇದು?" ಅಂದಿತು ಒಂದು ದನಿ.

"ಸೋಪು ಹಚ್ಚು."

"ಹಚ್ಚೀನಿ. ಹೋಗವಲ್ದು."

ಹೆಂಗಸರ ಅಳುವೂ ತಾನಾಗಿಯೇ ಇಳಿಯಿತು. ಕೋಸಗಿ ಸ್ಟೇಷನ್ ದಾಟಿ ಹೋಗುತ್ತಿದ್ದ ಗೂಡ್ಸ್ ಗಾಡಿಯ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಿತು. ಅದು ಮುಗಿಯುವ ಹೊತ್ತಿಗೆ ಪಂಪಣ್ಣ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಸತ್ತವನ ಅಣ್ಣ, ಎಪ್ಪತ್ತರ ಮುದುಕ. ಮೊಣಕೈವರೆಗೆ ಒದ್ದೆ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಉಚ್ಚವ್ವಾ, ಒಳಗ ಬಾ ಒಂದೀಟು."

ಅಡುಗೆಮನೆಯಲ್ಲಿ ಅವನು ದನಿ ತಗ್ಗಿಸಿದ. "ತೊಡಿ ಮ್ಯಾಲ ಬರದಾನ. ಅದೇ ಬರಹ. ನಿನಗ ಗೊತ್ತಿತ್ತೇನು?"

"ಗೊತ್ತಿತ್ತು, ಭಾವ."

"ಎಷ್ಟು ದಿನಾತು?"

"ಹತ್ತು."

"ಹತ್ತು ದಿನದಿಂದ ಒಂದು ಮಾತು ಹೇಳಬಾರದಾ?"

"ಹೇಳಿದ್ರ ಮತ್ತ ಆ ಬೆತ್ತದ ಮನುಷ್ಯಾನ್ನ ಕರಸ್ತಿದ್ರಿ."

ಪಂಪಣ್ಣ ಪಂಚೆಯ ಚುಂಗಿನಿಂದ ಕೈ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ. "ಆಗಿದ್ದು ಆತು. ಆ ಕಾಗದ ಎಲ್ಲಾ ಎಲ್ಲಿಟ್ಟೀದಿ? ಒಂದೂ ಬಿಡದಂಗ ತಗಂಡು ಬಾ. ಕುಣ್ಯಾಗ ಅವನ ಜತಿಗೇ ಹಾಕಿ ಮಣ್ಣೆಳೆದು ಬಿಡಮು. ಮನಿಯಾಗ ಒಂದು ಚೂರೂ ಉಳೀಬಾರದು. ಮೊಮ್ಮಗಳು ತಿರುಗಾಡೋ ಮನಿ ಇದು."

ಹಿತ್ತಲಲ್ಲಿ ಮತ್ತೆ ನೀರಿನ ಸದ್ದು ಶುರುವಾಯಿತು, ಈ ಸಲ ಅವಸರದಲ್ಲಿ.

*

ಕೋಸಗಿಯಲ್ಲಿ ಯರ್ರೆಪ್ಪ ಅಂದರೆ ಬೋರ್ಡಿನ ಯರ್ರೆಪ್ಪ. ಕಿರಾಣಿ ಅಂಗಡಿ, ಸೈಕಲ್ ಶಾಪು, ಶಾಲೆಯ ಗೋಡೆ, ಲಾರಿಯ ಹಿಂಬದಿ, ಎಲ್ಲೆಲ್ಲಿ ಅಕ್ಷರ ಬೇಕೋ ಅಲ್ಲೆಲ್ಲ ಅವನ ಕೈಯೇ. ತೆಲುಗು, ಕನ್ನಡ, ಇಂಗ್ಲಿಷು, ಆದೋನಿಯ ಸಾಬರ ಅಂಗಡಿಗಳಿಗೆ ಉರ್ದು. ಉರ್ದುವನ್ನು ಅವನು ಓದುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಹೂಬಳ್ಳಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದ.

ಫ್ಲೆಕ್ಸ್ ಬಂದು ಬ್ರಷ್ಷಿನ ಕೆಲಸ ನಿಂತಾಗ ಅವನಿಗೆ ನಲವತ್ತು ದಾಟಿತ್ತು. ಮಲೇಷ್ಯಾದಲ್ಲಿ ಇನ್ನೂ ಕೈಯಲ್ಲೇ ಬೋರ್ಡು ಬರೆಸುವ ಊರಿದೆ ಎಂದು ಆದೋನಿಯ ಏಜೆಂಟನೊಬ್ಬ ಹೇಳಿದ. ಯರ್ರೆಪ್ಪ ಹೋದ. ಎರಡು ವರ್ಷಕ್ಕೆಂದು ಹೋದವನು ಹನ್ನೊಂದು ವರ್ಷ ಇದ್ದ. ನಡುವೆ ಮೂರು ಸಲ ಬಂದುಹೋದ.

ಅಲ್ಲಿಂದ ಕಾಗದ ಬರುತ್ತಿತ್ತು, ಆಮೇಲಾಮೇಲೆ ಫೋನಿಗೆ ಮೆಸೇಜು. ಉಚ್ಚಮ್ಮನಿಗೆ ಯಾವ ಓದೂ ಬಾರದು. ಮಗಳು ನಾಗಜ್ಯೋತಿ ಓದಿದ್ದು ತೆಲುಗು ಶಾಲೆಯಲ್ಲಿ, ಅವಳಿಗೆ ಕನ್ನಡ ಅಕ್ಷರ ಬಾರದು. ಹಾಗಾಗಿ ಯರ್ರೆಪ್ಪ ಮನೆಯ ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಿದ್ದ. ನಾಗಜ್ಯೋತಿ ಬಾಗಿಲ ಬಳಿ ಬೆಳಕಿಗೆ ಹಿಡಿದು ಓದುವಳು. 'ಉಚ್ಚಾ, ಇಲ್ಲಿ ದಿನಾ ಮಳಿ. ಬಣ್ಣ ಒಣಗವಲ್ದು.' ಉಚ್ಚಾ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ. ಹನ್ನೊಂದು ವರ್ಷ ಆ ಕೂಗನ್ನು ಅವಳು ಮಗಳ ಬಾಯಲ್ಲಿ ಕೇಳಿದ್ದಳು.

ವಾಪಸು ಬಂದ ಮೇಲೆ ಅವನು ಸಣ್ಣಪುಟ್ಟ ಕೆಲಸ ಮಾಡಿಕೊಂಡು ಮನೆಯಲ್ಲೇ ಇದ್ದ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಪಂಚಾಯ್ತಿ ಆಫೀಸಿನ ಗೋಡೆಗೆ ಸುಣ್ಣ ಬಳಿದು ಅಕ್ಷರಕ್ಕೆ ಗೆರೆ ಹಾಕುತ್ತಿದ್ದವನು ಕುಸಿದ. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಕರ್ನೂಲಿನ ದವಾಖಾನೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಕಳಿಸಿದರು. ಮಿದುಳಿನಲ್ಲಿ ಮಾತಿರುವ ಜಾಗಕ್ಕೆ ರಕ್ತ ಇಳಿದಿದೆ, ಏನು ಉಳಿದಿದೆ ಏನು ಹೋಗಿದೆ ಎಂದು ಮೆಲ್ಲಗೆ ಗೊತ್ತಾಗುತ್ತದೆ ಅಂದರು.

ಮನೆಗೆ ಬಂದ ಮೂರನೇ ವಾರ ಅವನು ಎಡಗೈಯನ್ನು ಗಾಳಿಯಲ್ಲಿ ಆಡಿಸಿ ಪೆನ್ಸಿಲು ಕೇಳಿದ. ಮನೆ ತುಂಬ ಖುಷಿಯಾಯಿತು. ಮೊಮ್ಮಗಳು ಲಾವಣ್ಯ ತನ್ನ ಡ್ರಾಯಿಂಗ್ ಪುಸ್ತಕ ತಂದುಕೊಟ್ಟಳು. ಯರ್ರೆಪ್ಪ ಎಡಗೈಯಲ್ಲಿ ಪೆನ್ಸಿಲು ಹಿಡಿದ. ಆ ಕೈಯಲ್ಲಿ ಅವನು ಒಂದಕ್ಷರ ಬರೆದದ್ದನ್ನೂ ಉಚ್ಚಮ್ಮ ಯಾವತ್ತೂ ಕಂಡಿರಲಿಲ್ಲ. ಆದರೆ ಕೈ ತಡವರಿಸಲಿಲ್ಲ. ಹಾಳೆಯ ಬಲತುದಿಯಿಂದ ಹೊರಟು ಎಡಕ್ಕೆ, ಎಣ್ಣೆ ಹರಿದ ಹಾಗೆ, ಬಳುಕುತ್ತ ಹೋಯಿತು. ಚುಕ್ಕಿಗಳನ್ನು ಕೊನೆಗೆ ಇಟ್ಟಿತು, ಟಕ್ ಟಕ್ ಟಕ್. ನೋಡಿದರೆ ದರ್ಗಾದ ಗೋಡೆಯ ಮೇಲಿನಂಥ ಅಕ್ಷರ.

ಅವನು ಹಾಳೆಯನ್ನೆತ್ತಿ ಉಚ್ಚಮ್ಮನ ಮುಖದ ಮುಂದೆ ಹಿಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಮತ್ತೆ ಬರೆದು ಮತ್ತೆ ಹಿಡಿದ. ಅದೇ ಬರಹ, ಚುಕ್ಕಿಯೂ ಆಚೀಚೆಯಾಗದ ಹಾಗೆ.

ನಾಗಜ್ಯೋತಿ ಫೋನಿನಲ್ಲಿ ಫೋಟೋ ಹೊಡೆದು ನೋಡಿದಳು. ಫೋನು ಒಮ್ಮೆ ಅರಬ್ಬಿ ಎಂದಿತು, ಇನ್ನೊಮ್ಮೆ ಫಾರ್ಸಿ ಎಂದಿತು, ಅರ್ಥವಿಲ್ಲದ್ದು ಏನೇನೋ ತೋರಿಸಿತು. ಕೊನೆಗೆ ಮೌಲಾಲಿ ಸಾರನ್ನು ಕರೆದುಕೊಂಡು ಬಂದರು. ಆದೋನಿಯ ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ರಿಟೈರಾದ ಮನುಷ್ಯ. ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು.

"ಅಕ್ಷರ ನಮ್ಮವೇ ಕಾಣ್ತಾವ. ಮಾತು ನಮ್ಮದಲ್ಲ. ಉರ್ದು ಅಲ್ಲ, ಅರಬ್ಬೀನೂ ಅಲ್ಲ. ಇಲ್ಲಿ ನೋಡ್ರಿ, ಈ ಐನ್ ಅನ್ನೋ ಅಕ್ಷರದ ಮ್ಯಾಲ ಮೂರು ಚುಕ್ಕಿ. ಇಂಥಾ ಅಕ್ಷರ ನಾನು ಕಂಡೇ ಇಲ್ಲ."

"ಆದ್ರೂ ಓದ್ರಿ ಸಾರು. ಏನಂತೈತಿ?" ಅಂದ ಪಂಪಣ್ಣ.

"ಊಚಾ... ಊಂಚಾ ಇರಬೇಕು. ಜಾಗನ್... ತಾಕೂತ್. ತಾಕತ್ ಅಂತೇನೋ. ಊಂಚಾ ಅಂದ್ರ ಎತ್ತರ. ಜಾಗ್ನಾ ಅಂದ್ರ ಏಳೋದು. ತಾಕತ್ ಅಂದ್ರ ಶಕ್ತಿ. ಕ್ಯಾ ಬೋಲೂ, ಜೋಡಿಸಿದ್ರ ಮಾತೇ ಆಗವಲ್ದು."

ಪಂಪಣ್ಣನ ಕಿವಿಯಲ್ಲಿ ಅದು ಮಾತಾಗಿಯೇ ಕೂತಿತು. ಎತ್ತರದ್ದು, ಏಳುತ್ತಿರುವುದು, ಶಕ್ತಿ. ಮೇಷ್ಟರು ಎರಡನೇ ಸಾಲಿಗೆ ಬೆರಳಿಟ್ಟು, "ಸಾಯ್" ಎಂದು ಓದಿದರು.

ಮಂಚದ ಮೇಲಿದ್ದ ಯರ್ರೆಪ್ಪ ಜೋರಾಗಿ ತಲೆಯಾಡಿಸಿದ. ಎಡಗೈಯಿಂದ ತನ್ನ ಎದೆ ಬಡಿದುಕೊಂಡ. "ಸಾಯ್" ಎಂದು ಮೇಷ್ಟರು ಇನ್ನೊಮ್ಮೆ ಓದಿದರು, ಅವನು ಇನ್ನೊಮ್ಮೆ ಬಡಿದುಕೊಂಡ. ಅವನ ಬಾಯಿಯ ಒಂದು ಬದಿ ನಕ್ಕಿತು. ನಾಗಜ್ಯೋತಿ ಲಾವಣ್ಯಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಮೌಲಾಲಿ ಸಾರು ಚಹಾ ಮುಟ್ಟದೆ ಎದ್ದು ಹೋದರು.

*

ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಯರ್ರೆಪ್ಪನಿಗೆ ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಅಂಗಳದಲ್ಲಿ ಚಟ್ಟದ ಮೇಲೆ ಮಲಗಿಸಿದ್ದರು. ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ, ಕೈಗಳೆರಡನ್ನೂ ಎದೆಯ ಮೇಲೆ ಸೇರಿಸಿ ಬಿಳಿ ದಾರದಲ್ಲಿ ಕಟ್ಟಿದ್ದರು. ಹಲಗೆ ಬಡಿಯುವವರು ಬೇವಿನ ಮರದ ಬುಡದಲ್ಲಿ ಹಲಗೆ ಕಾಯಿಸುತ್ತಿದ್ದರು. ಮೌಲಾಲಿ ಸಾರು ಅಲ್ಲೇ ಮರದ ಆಚೆ, ಮನೆಯತ್ತ ಮುಖ ಮಾಡದೆ ಕುರ್ಚಿಯಲ್ಲಿ ಕೂತಿದ್ದರು. ಹತ್ತಿರ ಬಂದಿರಲಿಲ್ಲ.

"ಕಾಗದ ಎಲ್ಲಿ?" ಪಂಪಣ್ಣ ಎರಡನೇ ಸಲ ಕೇಳಿದ.

ಉಚ್ಚಮ್ಮ ಒಳಗೆ ಹೋಗಿ ಜೋಳದ ಡಬ್ಬದ ಹಿಂದಿನಿಂದ ಒಂದು ಸಿಮೆಂಟಿನ ಚೀಲ ಎಳೆದು ತಂದಳು. ಅದರ ತುಂಬ ಹಾಳೆಗಳು. ನೋಟುಪುಸ್ತಕದವು, ಕ್ಯಾಲೆಂಡರಿನ ಹಿಂಬದಿಯವು, ಔಷಧದ ಚೀಟಿಗಳು. ಸುಟ್ಟುಬಿಡು ಎಂದು ಪಂಪಣ್ಣ ಎಷ್ಟೋ ಸಲ ಹೇಳಿದ್ದ. ಸುಡಲು ಹೆದರಿಕೆ, ಇಟ್ಟುಕೊಳ್ಳಲೂ ಹೆದರಿಕೆ. ಚೀಲವನ್ನು ಅವಳು ಚಟ್ಟದ ಪಕ್ಕ ಇಟ್ಟಾಗ ಕೂತಿದ್ದ ಹೆಂಗಸರು ಸೀರೆ ಎಳೆದುಕೊಂಡು ಸರಿದರು.

ಅಷ್ಟರಲ್ಲಿ ಆಟೋದಿಂದ ಒಬ್ಬ ಇಳಿದ. ಐವತ್ತರ ಆಸುಪಾಸು, ಕೈಯಲ್ಲಿ ಹೂವಿನ ಹಾರ. ಅಲ್ಲಿದ್ದವರಲ್ಲಿ ಯಾರಿಗೂ ಅವನ ಗುರುತಿರಲಿಲ್ಲ.

"ಯಂಕಣ್ಣ ಅಂತ. ಸಿ. ಬೆಳಗಲ್," ಅಂದ ಅವನು. "ಪೊದ್ದುನ್ನೇ, ಎದ್ದ ಕೂಡ್ಲೇ, ಫೋನಿಗೆ ಮೆಸೇಜ್ ಬಂತು, ಯರ್ರೆಪ್ಪಣ್ಣನ ನಂಬರಿಂದ. ಯರ್ರೆಪ್ಪಣ್ಣ ಹೋದ ಅಂತ ಯರ್ರೆಪ್ಪಣ್ಣನ ನಂಬರ್ ಹೇಳ್ತೈತಿ."

"ನಾನೇ ಹಾಕಿದ್ದು," ಅಂದಳು ನಾಗಜ್ಯೋತಿ. "ಅಪ್ಪನ ಫೋನ್ಯಾಗ ಇದ್ದೋರಿಗೆಲ್ಲಾ."

"ಆರೇಳು ವರ್ಷ ಒಂದೇ ರೂಮಿನಾಗ ಇದ್ವಿ ಅಮ್ಮಾ. ಅಲ್ಲಿ, ಮಲೇಷ್ಯಾದಾಗ, ಕೋತಾ ಬಾರು ಅನ್ನೋ ಊರಾಗ. ಆತ ಬೋರ್ಡು ಬರೀತಿದ್ದ, ನಾನು ಫ್ರೇಮು ವೆಲ್ಡಿಂಗ್ ಮಾಡ್ತಿದ್ದೆ."

ಅವನು ಹಾರ ಹಾಕಿ, ಕಾಲಿಗೆ ನಮಸ್ಕಾರ ಮಾಡಿ ಏಳುವಾಗ ಚೀಲದ ಬಾಯಿಂದ ಜಾರಿದ್ದ ಹಾಳೆಯೊಂದು ಅವನ ಕಾಲಬಳಿ ಇತ್ತು. ಎತ್ತಿಕೊಂಡ. ಹೆಂಗಸರಲ್ಲಿ ಯಾರೋ "ಮುಟ್ಟಬ್ಯಾಡ್ರಿ" ಅಂದರು.

ಯಂಕಣ್ಣನ ಮುಖ ಅರಳಿತು. ಹೆಣದ ಮುಂದೆ ಹಾಗೆ ಮುಖ ಅರಳಿದ್ದನ್ನು ಕಂಡು ಜನ ಇನ್ನೂ ದೂರ ಸರಿದರು.

"ಅರೆ, ಜಾವಿ! ಇದು ಜಾವಿ ಕದಾ! ಯರ್ರೆಪ್ಪಣ್ಣನ ಕೈ!"

"ಏನು ಹಂಗಂದ್ರ?" ಪಂಪಣ್ಣ ಕೇಳಿದ.

"ಮಲೇಷ್ಯಾದ ಬರಹ ಅಣ್ಣಾ. ಅವರ ಮಾತು ಬರಿಯೋ ಅಕ್ಷರ."

"ಅವರದು ಎಬಿಸಿಡಿ ಅಲ್ಲೇನು?" ನಾಗಜ್ಯೋತಿ ಮುಂದೆ ಬಂದಳು. "ಅಪ್ಪ ತಂದ ಬಿಸ್ಕೆಟ್ ಡಬ್ಬಿ ಮ್ಯಾಲ, ಸೋಪಿನ ಮ್ಯಾಲ, ಎಲ್ಲಾ ಇಂಗ್ಲಿಷ್ ಅಕ್ಷರಾನೇ ನೋಡೀನಿ."

"ಅದು ರೂಮಿ. ಒಂದೇ ಮಾತಿಗೆ ಎರಡು ಬರಹ ಅಮ್ಮಾ. ಹಳೇದು ಈ ಜಾವಿ, ಬಲದಿಂದ ಎಡಕ್ಕ. ಈಗ ಎಲ್ಲಾರೂ ರೂಮಿನೇ ಬರೀತಾರ. ನಾವಿದ್ದ ಕೆಲಂತಾನ್ ಸೀಮ್ಯಾಗ ಮಾತ್ರ ಅಂಗಡಿ ಬೋರ್ಡಿಗೆ ಜಾವಿ ಇರಬೇಕು. ಮ್ಯಾಲ ಜಾವಿ, ಕೆಳಗ ರೂಮಿ. ಅದಕ್ಕೂ ಹಿಂದ ಕಲ್ಲಿನ ಮ್ಯಾಲ ಬ್ಯಾರೇನೇ ಬರಹ ಇತ್ತಂತ. ನಮ್ಮ ಮೇಸ್ತ್ರಿ ಒಮ್ಮೆ ಫೋಟೋ ತೋರ್ಸಿದಾಗ ಯರ್ರೆಪ್ಪಣ್ಣ, ಏ ಇವು ನಮ್ಮ ಕಡಿ ಗುಡಿ ಕಲ್ಲಿನ ಅಕ್ಷರ ಇದ್ದಂಗ ಅದಾವಲೋ ಅಂತ ಕುಣದಾಡಿದ್ದ."

"ಹಂಗಾದ್ರ ಓದು. ಏನು ಬರದಾನ?"

ಯಂಕಣ್ಣ ಹಾಳೆ ತಿರುಗಿಸಿ ನೋಡಿದ. "ನಂಗ ಓದಾಕ ಬರಲ್ಲ ಅಣ್ಣಾ. ಮಾತು ಪೂರ್ತಿ ಬರ್ತೈತಿ. ಓದೋದು ಕೆಳಗಿನ ಸಾಲು ಅಷ್ಟೇ. ಮ್ಯಾಲಿನ ಸಾಲು ಯರ್ರೆಪ್ಪಣ್ಣಂದು."

ಬೇವಿನ ಮರದ ಆಚೆ ಕುರ್ಚಿ ಸರಿದ ಸದ್ದಾಯಿತು. ಮೌಲಾಲಿ ಸಾರು ಎದ್ದು ಬರುತ್ತಿದ್ದರು. ಬರುತ್ತಲೇ ಜೇಬಿನಿಂದ ಕನ್ನಡಕ ತೆಗೆದು ಏರಿಸಿದರು.

"ನಂಗ ಮಾತು ಬರಲ್ಲ," ಅಂದರು ಅವರು ಯಂಕಣ್ಣನಿಗೆ. "ಅಕ್ಷರ ಬರ್ತಾವ. ನಾನು ಓದ್ತೀನಿ, ನೀನು ಕೇಳಪ್ಪಾ."

"ಬ್ಯಾಡ!" ಪಂಪಣ್ಣ ಅಡ್ಡ ಬಂದ. "ಹೆಣದ ಮುಂದ ಅದನ್ನ ಬಾಯಿ ಬಿಟ್ಟು ಓದಬ್ಯಾಡ್ರಿ ಸಾರು. ಸತ್ತ ಮ್ಯಾಲಾದ್ರೂ ಬಿಡ್ಲಿ ಅದು ಅವನ್ನ."

"ಓದ್ಲಿ, ಭಾವ," ಅಂದಳು ಉಚ್ಚಮ್ಮ.

ಬೆಳಗಿನಿಂದ ಅವಳು ಎಲ್ಲರಿಗೂ ಕೇಳುವಂತೆ ಆಡಿದ ಮೊದಲ ಮಾತು ಅದು.

ಮೌಲಾಲಿ ಸಾರು ಚೀಲದಿಂದ ಒಂದು ಹಾಳೆ ತೆಗೆದರು. ಅದೇ ಹಾಳೆ, ಮೊದಲನೆಯದು. ಅವರಿಗೆ ಅದು ನೆನಪಿತ್ತು. "ಊಂಚಾ," ಎಂದು ಶುರು ಮಾಡಿ ನಿಲ್ಲಿಸಿದರು. "ಇಲ್ಲ. ಬರದದ್ದನ್ನ ಬರದಂಗೇ ಓದ್ತೀನಿ. ಊಚಾ."

ಯಂಕಣ್ಣ ತಲೆಯಾಡಿಸಿದ. "ಅಂಥಾ ಮಾತಿಲ್ಲ."

"ಉಚ್ಚಾ," ಅಂದಳು ಉಚ್ಚಮ್ಮ. ಎಲ್ಲರೂ ತಿರುಗಿ ನೋಡಿದರು. "ನನ್ನ ಹೆಸರು ಅದು. ಆತ ಹಂಗ ಕರೀತಿದ್ದ."

ಮೇಷ್ಟರು ಅವಳನ್ನು ನೋಡಿದರು. ಮತ್ತೆ ಹಾಳೆಗೆ ಕಣ್ಣಿಟ್ಟರು. "ಜಾಗನ್. ಇಲ್ಲೇ ನೋಡು, ಆ ಮೂರು ಚುಕ್ಕಿ ಐನ್. ಜಾಗನ್ ತಾಕೂತ್."

"ಮೂರು ಚುಕ್ಕಿ ಅಂದ್ರ ಙ ಅಂತಿದ್ದ ಆತ... ಜಾಂಗಾನ್! ಜಾಂಗಾನ್ ತಾಕೂತ್!" ಯಂಕಣ್ಣನ ದನಿ ಏರಿದ್ದು ಹಾಗೇ ಇಳಿಯಿತು. ಅವನು ಉಚ್ಚಮ್ಮನ ಕಡೆಗೆ ತಿರುಗಿದ. "ಹೆದರಬ್ಯಾಡ. ಅಷ್ಟೇ ಅತ್ತಿಗೀ. ಉಚ್ಚಾ, ಹೆದರಬ್ಯಾಡ."

"ಕೆಳಗಿಂದು," ಅಂದರು ಮೇಷ್ಟರು. "ಸಾಯ್. ಸಾಯ್ ದಸೀನಿ."

ಆ ಮಾತಿಗೆ ಹೆಂಗಸರು ಕಿವಿ ಮುಚ್ಚಿಕೊಂಡರು. ಯಂಕಣ್ಣ ಎರಡೂ ಕೈ ಎತ್ತಿ ಆಡಿಸಿದ. "ಅಲ್ಲ, ಅಲ್ಲ. ಕನ್ನಡದ ಸಾಯೋದಲ್ಲ ಅದು. ಸಾಯಾ ಅಂದ್ರ ನಾನು. ಸಾಯಾ ದಿ ಸೀನಿ. ನಾನು ಇಲ್ಲೇ ಅದೀನಿ."

ಉಚ್ಚಮ್ಮನಿಗೆ ಮಂಚದ ಮೇಲೆ ಎದೆ ಬಡಿದುಕೊಂಡ ಕೈ ಕಾಣಿಸಿತು. ನಾನು, ನಾನು ಎಂದು ಬಡಿದುಕೊಂಡದ್ದು. ನಕ್ಕದ್ದು. ಕೊನೆಗೂ ಒಬ್ಬರು ಓದಿದರಲ್ಲ ಎಂದು ನಕ್ಕದ್ದು.

ಹಾಳೆಯ ಮೇಲೆ ಹಾಳೆ ಬಂತು. ಮೇಷ್ಟರು ತಮಗೆ ತಿಳಿಯದ್ದನ್ನು ಓದುತ್ತಿದ್ದರು, ಯಂಕಣ್ಣ ತನಗೆ ಕಾಣದ್ದನ್ನು ಕೇಳುತ್ತಿದ್ದ, ಇಬ್ಬರ ನಡುವೆ ಅಂಗೈಯಗಲದ ಜಾಗದಲ್ಲಿ ಸತ್ತವನು ಮಾತಾಡುತ್ತಿದ್ದ. ನೀರು, ಅನ್ನ, ಫ್ಯಾನು ಯಾವುದೂ ಅಲ್ಲಿರಲಿಲ್ಲ. ಅವನ್ನೆಲ್ಲ ಅವನು ಕೈಮಾಡಿ ಕೇಳುತ್ತಿದ್ದ. ಕೈಮಾಡಿ ತೋರಿಸಲಾಗದ್ದನ್ನಷ್ಟೇ ಬರೆದಿದ್ದ. ಲಾವಣ್ಯ ಶಾಲೆಗೆ ಹೋದಳೇ. ನಾಗಜ್ಯೋತಿ ಸೊರಗಿದ್ದಾಳೆ. ನೀಲಿ ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿಲ್ಲ, ಒಣಗಿಹೋಗುತ್ತದೆ. ಬಣ್ಣಕ್ಕೆ ಅಲ್ಲಿ ಚತ್ ಅನ್ನುತ್ತಾರಂತೆ, ನೀಲಿಗೆ ಬೀರು. ಆ ಚೀಟಿ ಬರೆದ ದಿನ ಅವನು ಮೂಲೆಗೆ ಕೈಮಾಡಿದ್ದನ್ನು ಕಂಡು ಮನೆಯವರು ಹೆದರಿ ಆ ಮೂಲೆಗೆ ನಿಂಬೆಹಣ್ಣು ಕೊಯ್ದಿಟ್ಟಿದ್ದರು. ಡಬ್ಬಿ ಅಲ್ಲೇ ಇತ್ತು. ಬಣ್ಣ ಒಣಗಿ ಕಲ್ಲಾಗಿತ್ತು.

ಹೆಚ್ಚಿನ ಹಾಳೆಗಳಲ್ಲಿ ಮಾತ್ರ ಒಂದೇ ಸಾಲು. ಮೇಷ್ಟರು ಓದುವ ಮೊದಲೇ ಅದರ ಆಕಾರ ಎಲ್ಲರಿಗೂ ಪರಿಚಯವಾಗಿಬಿಟ್ಟಿತ್ತು. ಹೆದರಬೇಡ. ಉಚ್ಚಾ, ಹೆದರಬೇಡ.

"ಕನ್ನಡದಾಗ ಬರೀಬಾರದಾಗಿತ್ತಾ!" ಪಂಪಣ್ಣ ಒಮ್ಮೆಲೇ ಕೂಗಿದ. ಸಿಟ್ಟೋ ಅಳುವೋ ತಿಳಿಯದ ದನಿ. "ತೆಲುಗಿನಾಗ ಬರೀಬಾರದಾಗಿತ್ತಾ! ಹುಟ್ಟಿದಾಗಿಂದ ಬರೆಯೋ ಅಕ್ಷರ!"

"ಎಡಗೈಲಿ ಬರದಾನೇನು?" ಯಂಕಣ್ಣ ಕೇಳಿದ.

"ಬಲಗೈ ಬಿದ್ದುಹೋಗಿತ್ತಲ್ಲ."

ಯಂಕಣ್ಣ ಹಾಳೆಯನ್ನು ಚಟ್ಟದ ಅಂಚಿಗಿಟ್ಟ. "ನಿಮಗ ಹೇಳಿದ್ದಿಲ್ಲೇನು ಆತ? ಏಣಿ ಮ್ಯಾಲಿಂದ ಬಿದ್ದಿದ್ದು?"

ಯಾರಿಗೂ ಗೊತ್ತಿರಲಿಲ್ಲ.

"ಹೋದ ಮೂರನೇ ವರ್ಷ. ಎರಡನೇ ಮಾಳಿಗಿಂದ. ಬಲಗೈ ಮಣಿಕಟ್ಟು ಮುರೀತು. ನಾಕು ತಿಂಗಳು ಸಿಮೆಂಟು ಹಾಕಿದ್ರು. ಮನಿಗೆ ಹೇಳಬ್ಯಾಡ ಅಂತ ನನ್ನ ಕೈಲಿ ಆಣಿ ಹಾಕಿಸ್ಕೊಂಡ. ಅಲ್ಲಿ ಮೇಸ್ತ್ರಿ ಒಬ್ಬ ಮುದುಕ, ಪಾ ದೆರಾಮಾನ್ ಅಂತಿದ್ವಿ. ಆತ ಎಡಗೈಗೆ ಬ್ರಷ್ ಕೊಟ್ಟ. ಈ ಕೈಗೆ ಏನೂ ಗೊತ್ತಿಲ್ಲ, ಹೊಸಾದು ಕಲಸಾಕ ಇದೇ ಛಲೋ ಅಂದ. ಮೊದಲ ಅಕ್ಷರ ಅಲೀಫಿಂದ ತಿದ್ದಿಸಿದ. ಒಂದೊಂದು ಅಕ್ಷರ ಬರದಂಗ ಆ ಮಾತು ಬಾಯಿ ಬಿಟ್ಟು ಹೇಳ್ಬೇಕು. ನಾಕು ತಿಂಗಳು ಹಗಲೆಲ್ಲಾ ಅದೇ." ಅವನು ತನ್ನ ಎಡಗೈ ಎತ್ತಿ ತೋರಿಸಿದ. "ಬಲಗೈ ನೆಟ್ಟಗಾದ ಮ್ಯಾಲೂ ಬಿಡಲಿಲ್ಲ. ಮ್ಯಾಲಿನ ಸಾಲು ಎಡಗೈಲಿ, ಕೆಳಗಿನ ಸಾಲು ಬಲಗೈಲಿ. ರಸ್ತ್ಯಾಗ ಜನ ನಿಂತು ನೋಡ್ತಿದ್ರು. ಆ ಕೈಗೆ ಕನ್ನಡ ಬರ್ತಿದ್ದಿಲ್ಲ ಅಣ್ಣಾ. ತೆಲುಗೂ ಬರ್ತಿದ್ದಿಲ್ಲ. ಅದೊಂದೇ ಬರ್ತಿತ್ತು."

*

ಆ ಮನುಷ್ಯ ಬಂದದ್ದು ಆಸ್ಪರಿ ಕಡೆಯಿಂದ. ದೆವ್ವ ಬಿಡಿಸುವುದರಲ್ಲಿ ಹೆಸರುವಾಸಿ ಎಂದು ಪಂಪಣ್ಣ ಕರೆಸಿದ್ದ. ಹನ್ನೆರಡು ದಿನದ ಹಿಂದಿನ ಮಾತು. ಅವನು ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತು ಬೆತ್ತದಿಂದ ಎಡಗೈಯ ಬೆರಳ ಗೆಣ್ಣುಗಳ ಮೇಲೆ ಹೊಡೆದ. ಜೋರಾಗಿ ಅಲ್ಲ, ಸಣ್ಣಗೆ, ಒಂದೇ ಸಮ.

"ಯಾರ ಕೈ ಇದು? ಹೇಳು. ಯಾರ ಕೈ?"

ಯರ್ರೆಪ್ಪ ಅವನ ಕಡೆ ನೋಡಲೇ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಉಚ್ಚಮ್ಮನನ್ನೇ ನೋಡುತ್ತಿದ್ದ. ಅವಳು ಕಣ್ಣು ತಪ್ಪಿಸಿದಳು.

ಹೋಗುವಾಗ ಆ ಮನುಷ್ಯ, ಬರೆಯುವ ಸಾಮಾನು ಒಂದೂ ಕೈಗೆ ಸಿಗಬಾರದು ಅಂದ. ಪೆನ್ಸಿಲು, ಪೆನ್ನು, ಇದ್ದಲು, ಸುಣ್ಣ ಎಲ್ಲ ತೆಗೆದಿಟ್ಟರು. ಎರಡು ದಿನ ಬಿಟ್ಟು ಲಾವಣ್ಯಳ ಚಾರ್ಟು ಬರೆಯುವ ಮಾರ್ಕರ್ ಕಳೆದುಹೋಯಿತು. ಅವತ್ತು ಸಂಜೆ ಪಂಚೆ ಬದಲಿಸುವಾಗ ಉಚ್ಚಮ್ಮ ಸತ್ತ ಕಾಲಿನ ತೊಡೆಯ ಮೇಲೆ ಆ ಕಪ್ಪು ಸಾಲುಗಳನ್ನು ಕಂಡಳು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಚರ್ಮ ಕೆಂಪಾಯಿತು, ಕಪ್ಪು ಹೋಗಲಿಲ್ಲ. ಅವನು ಅವಳ ಮುಖವನ್ನೇ ನೋಡುತ್ತ, ಆ ಸಾಲಿನ ಕೆಳಗೆ ಬೆರಳಾಡಿಸಿ ತೋರಿಸುತ್ತಿದ್ದ. ಓದು, ಓದು ಅನ್ನುವ ಹಾಗೆ.

ಅವಳು ಹಳೆಯ ಸೀರೆಯ ಅಂಚು ಹರಿದು ಆ ಕೈಯನ್ನು ಮಂಚದ ಸರಳಿಗೆ ಕಟ್ಟಿದಳು. ಊಟದ ಹೊತ್ತಿಗೆ ಬಿಚ್ಚುತ್ತಿದ್ದಳು, ಆಮೇಲೆ ಮತ್ತೆ ಕಟ್ಟುತ್ತಿದ್ದಳು. ಈ ಬೆಳಿಗ್ಗೆ ಎದ್ದು ನೋಡಿದಾಗ ಅವನು ತಣ್ಣಗಾಗಿದ್ದ. ಅವಳು ಮೊದಲು ಗಂಟು ಬಿಚ್ಚಿದಳು, ಬಟ್ಟೆಯನ್ನು ಒಲೆಗೆ ಹಾಕಿದಳು. ಆಮೇಲೆ ಕೂಗಿದಳು.

*

"ಇನ್ನೊಂದೈತಿ," ಅಂದಳು ಉಚ್ಚಮ್ಮ.

ಅವಳು ಚಟ್ಟದ ಪಕ್ಕ ಮಂಡಿಯೂರಿ ಹೊಸ ಪಂಚೆಯನ್ನು ಬಲತೊಡೆಯವರೆಗೆ ಸರಿಸಿದಳು. ಯಾರೂ ತಡೆಯಲಿಲ್ಲ. ಸೋಪಿನಿಂದ, ಎಣ್ಣೆಯಿಂದ ಮಾಸಿದ್ದರೂ ಸಾಲುಗಳು ಇದ್ದವು, ಒಂದರ ಕೆಳಗೊಂದು ಮೂರು.

ಮೌಲಾಲಿ ಸಾರು ಕಾಲಿನ ಕಡೆಯಿಂದ ಬಗ್ಗಿ ನೋಡಿದರು. ಆಗಲಿಲ್ಲ. ಅಲ್ಲಿಂದ ಅಕ್ಷರ ತಲೆಕೆಳಗಾಗಿದ್ದವು. ಪಕ್ಕದಿಂದ ನೋಡಿದರು. ಕೊನೆಗೆ ಅವರು ಸುತ್ತು ಬಂದು ಹೆಣದ ತಲೆಯ ಹತ್ತಿರ ನಿಂತು, ಅದರ ಮುಖದ ಮೇಲಿಂದ ಬಗ್ಗಬೇಕಾಯಿತು. ಯರ್ರೆಪ್ಪ ದಿಂಬಿಗೊರಗಿ ತನ್ನ ತೊಡೆ ನೋಡಿಕೊಂಡದ್ದು ಅಲ್ಲಿಂದಲೇ. ಮೇಷ್ಟರ ಗಡ್ಡ ಸತ್ತವನ ಹಣೆಗೆ ತಾಗುವಷ್ಟು ಹತ್ತಿರವಿತ್ತು.

"ಈನ," ಎಂದು ಓದಿದರು. "ಈನ ತಾಗನ್... ಮೂರು ಚುಕ್ಕಿ ಐತಿ."

"ತಾಂಗಾನ್," ಅಂದ ಯಂಕಣ್ಣ.

"ಈನ ತಾಂಗಾನ್ ಸಾಯ್. ಮೂರು ಸಾಲೂ ಅದೇ."

ಯಂಕಣ್ಣ ಹೇಳಬೇಕೋ ಬೇಡವೋ ಎಂಬಂತೆ ಪಂಪಣ್ಣನ ಮುಖ ನೋಡಿದ.

"ಇನಿ ತಾಂಗಾನ್ ಸಾಯಾ," ಅಂದ. "ಇದು ನನ್ನ ಕೈ."

ಪಂಪಣ್ಣ ನಿಂತಲ್ಲೇ ಕೂತುಬಿಟ್ಟ. ಹಲಗೆಯವರು ಬೆಂಕಿಗೆ ಹಿಡಿದಿದ್ದ ಹಲಗೆಗಳನ್ನು ಮರೆತಿದ್ದರು. ಚರ್ಮ ಸುಟ್ಟ ವಾಸನೆ ಬಂದಾಗ ಒಬ್ಬ ಬೆಚ್ಚಿ ಎಳೆದುಕೊಂಡ. ಆಮೇಲೆ ಮುದುಕ ತೆವಳುತ್ತ ನೆಲದ ಮೇಲೆ ಹರಡಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಧೂಳು ಕೊಡವಿ, ಜೋಡಿಸಿ ನಾಗಜ್ಯೋತಿಯ ಮಡಿಲಲ್ಲಿಟ್ಟ. ಕುಣಿಯ ಮಾತು ಎತ್ತಲಿಲ್ಲ.

"ಹೊತ್ತಾತು," ಅಂದರು ಯಾರೋ. "ಎತ್ತಮು."

"ತಡೀರಿ," ಅಂದಳು ಉಚ್ಚಮ್ಮ.

ಪಂಚೆಯನ್ನು ಮತ್ತೆ ಪಾದದವರೆಗೆ ಎಳೆದು ಸರಿಮಾಡಿದಳು. ಆಮೇಲೆ ಎದೆಯ ಮೇಲಿನ ದಾರಕ್ಕೆ ಕೈ ಹಾಕಿದಳು. ಗಂಟು ಸಣ್ಣದಿತ್ತು, ಉಗುರಿಗೆ ಸಿಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಡಿಸಿದಳು. ದಾರ ಸುರುಳಿಯಾಗಿ ಪಕ್ಕಕ್ಕೆ ಬಿತ್ತು. ಎಡಗೈ ಬೀಳಲಿಲ್ಲ. ಕಟ್ಟಿದಲ್ಲೇ, ಕಟ್ಟಿದ ಹಾಗೇ, ಸೆಟೆದು ನಿಂತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದಕ್ಕೊಂದು ಬಾಗಿ ಹತ್ತಿರ ಬಂದಿದ್ದವು, ಪೂರ್ತಿ ಸೇರಿರಲಿಲ್ಲ. ಮೂರರ ನಡುವೆ, ಬ್ರಷ್ಷು ಹಿಡಿಯುವಾಗಿನಂಥ, ಸಣ್ಣದೊಂದು ಸಂದು ಇತ್ತು.

ಉಚ್ಚಮ್ಮ ಆ ಸಂದಿಯೊಳಗೆ ತನ್ನ ತೋರುಬೆರಳು ತೂರಿಸಿದಳು. ಅದು ಸರಿಯಾಗಿ ಹಿಡಿಯಿತು. ಹಲಗೆ ಶುರುವಾಯಿತು, ನಾಲ್ಕು ಜನ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು, ಅವಳು ಬೆರಳು ಬಿಡಿಸಿಕೊಳ್ಳದೆ ಅದರ ಜೊತೆಗೇ ಎದ್ದು ನಿಂತಳು.